ವಿಜಯದಶಮಿಯ ರಾತ್ರಿ 14 ಜನರ ಊಟ: ಒಂದೇ ಅಡುಗೆ ಎಲ್ಲರ ಎಲೆಗೂ ಬರುವಂತೆ ಮಾಡುವುದು ಹೇಗೆ?

ಕುವೆಂಪುನಗರದ ಸೊಸೆ

ವಿಜಯದಶಮಿಗೆ ಮೈಸೂರಿನ ನಮ್ಮ ಮನೆಗೆ ಮಂಡ್ಯದಿಂದ, ಬೆಂಗಳೂರಿನಿಂದ ಎಲ್ಲರೂ ಬರುತ್ತಾರೆ. ಮಧ್ಯಾಹ್ನ ಜಂಬೂಸವಾರಿ, ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು, ಅದು ಮುಗಿದ ಮೇಲೆ ಊಟ. ನಮ್ಮನ್ನೂ ಸೇರಿಸಿ 14 ಜನ. ಅಷ್ಟು ಜನಕ್ಕೆ ಬೇಯಿಸಿ ಹಾಕುವುದು ನನಗೆ ಭಾರವಲ್ಲ. ಏನು ಬೇಯಿಸುವುದು ಎಂಬುದೇ ತೋಚುತ್ತಿಲ್ಲ.

ಮಾವನಿಗೆ ಸಕ್ಕರೆ ಕಾಯಿಲೆ, ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅತ್ತೆಗೆ ರಕ್ತದೊತ್ತಡ, ಉಪ್ಪು ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ನಾದಿನಿಯ ಮಗಳಿಗೆ 9 ವರ್ಷ, ಸೀಲಿಯಾಕ್ ಕಾಯಿಲೆ. ಗೋಧಿ, ಮೈದಾ, ರವೆ ಅವಳ ಹೊಟ್ಟೆಗೆ ಹೋಗುವಂತಿಲ್ಲ. ಭಾವನ ಮಗ ಒಂದು ವರ್ಷದಿಂದ ಹಾಲು, ಮೊಸರು, ತುಪ್ಪ ಬಿಟ್ಟಿದ್ದಾನೆ. ಭಾವನಿಗೆ ಬಾಡೂಟವಿಲ್ಲದ ಹಬ್ಬ ಹಬ್ಬವೇ ಅಲ್ಲ. ಮೈದುನನ ಅತ್ತೆ ಮಾಧ್ವರ ಮನೆಯವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮಗಳ ಮದುವೆಯಾದ ಮೇಲೆ ಮೊದಲ ಬಾರಿಗೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ.

ಕಳೆದ ವರ್ಷ ಒಬ್ಬೊಬ್ಬರಿಗೆ ಒಂದೊಂದು ಎಂದು ಮಾಡಿದೆ. ಮಾವನಿಗೆ ಚಪಾತಿ ಪಲ್ಯ, ಅತ್ತೆಗೆ ಸಪ್ಪೆ ಸಾರು, ಉಳಿದವರಿಗೆ ಬಿಸಿಬೇಳೆಬಾತ್, ಒಬ್ಬಟ್ಟು. ಮಾವ ತಟ್ಟೆ ಎತ್ತಿಕೊಂಡು ತಾರಸಿಗೆ ಹೋಗಿ ಒಬ್ಬರೇ ಕುಳಿತು ಉಂಡರು. ನಾದಿನಿಯ ಮಗಳ ಊಟ ಅವರ ಮನೆಯಿಂದಲೇ ಡಬ್ಬಿಯಲ್ಲಿ ಬಂದಿತ್ತು. ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುತ್ತ ಅವಳ ಹತ್ತಿರ ಹೋದಾಗ ಯಾರೂ ಹೇಳುವ ಮೊದಲೇ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದಳು. ಬೆರಳುಗಳನ್ನು ಒತ್ತೊತ್ತಾಗಿ ಜೋಡಿಸಿಕೊಂಡಿದ್ದಳು, ಎಲ್ಲಿ ಸಂದಿಯಿಂದ ಚೂರು ಬಿದ್ದೀತೋ ಎಂಬಂತೆ. ಆ ಕೈಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿವೆ. ಈ ವರ್ಷ ಹಾಗಾಗಬಾರದು. ಎಲ್ಲರೂ ಒಂದೇ ಅಡುಗೆಯನ್ನು ಉಣ್ಣಬೇಕು. ದಾರಿ ಇದೆಯೇ?

ಮಳವಳ್ಳಿ ಕಡೆಯವಳು

ದಾರಿ ನಮ್ಮ ಅಡುಗೆಯಲ್ಲೇ ಇದೆ ಅಕ್ಕ. ಬಸ್ಸಾರು ಮಾಡುವ ರೀತಿಯನ್ನು ಒಮ್ಮೆ ನೆನೆಸಿಕೊಳ್ಳಿ. ಸೊಪ್ಪು, ಕಾಳು ಒಟ್ಟಿಗೆ ಬೇಯುತ್ತವೆ. ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಬಸಿಯುವ ಹೊತ್ತಿಗೆ ಅದರಲ್ಲಿ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ತುಪ್ಪವೂ ಇಲ್ಲ. ಅಲ್ಲಿಯವರೆಗೆ ಅದು ಮನೆಯಲ್ಲಿರುವ ಎಲ್ಲರ ಅಡುಗೆ. ಖಾರ ರುಬ್ಬಿ ಹಾಕಿದ ಮೇಲೆ, ಒಗ್ಗರಣೆ ಬಿದ್ದ ಮೇಲೆ ತಾನೇ ಅದು ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ? ಆದ್ದರಿಂದ ಪಾತ್ರೆ ಒಂದೇ ಇರಲಿ, ಒಗ್ಗರಣೆ ಎರಡಾಗಲಿ. ತುಪ್ಪ ಎಲೆಯ ಮೇಲೆ ಬೀಳಲಿ, ಒಲೆಯ ಮೇಲೆ ಬೇಡ.

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಬಿಟ್ಟ ಅಜ್ಜಿ ಇದ್ದರು. ಅವ್ವ ಮೂವತ್ತು ವರ್ಷ ಹೀಗೆಯೇ ನಡೆಸಿದರು. ಅಜ್ಜಿಗೆ ಬೇರೆ ಅಡುಗೆ ಮಾಡಿದ್ದನ್ನು ನಾನು ಕಾಣಲಿಲ್ಲ.

ಸರಸ್ವತಿಪುರಂ ವಾಸಿ

ಒಳ್ಳೆಯ ಮಾತು. ಆದರೆ 9 ವರ್ಷದ ಮಗು, ಹಬ್ಬದ ದಿನ ಒಂದು ಒಬ್ಬಟ್ಟು ತಿಂದರೆ ಏನಾಗುತ್ತದೆ? ವರ್ಷಕ್ಕೊಮ್ಮೆ ತಾನೇ? ನಾವು ಮಕ್ಕಳನ್ನು ಬಹಳ ಹೆದರಿಸುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ.

ವಿಜಯನಗರದ ಅಪ್ಪ

ದಯವಿಟ್ಟು ಹಾಗೆ ಹೇಳಬೇಡಿ. ನನ್ನ ಮಗನಿಗೂ ಇದೇ ಕಾಯಿಲೆ. ಇದು ನಾಲಿಗೆಯ ಹಟವಲ್ಲ, ಸಾಮಾನ್ಯ ಅಜೀರ್ಣವೂ ಅಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ಎರಗುತ್ತದೆ. ಆ ಪದರ ಹಾಳಾದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ, ಮಗು ಬೆಳೆಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಆ ದಿನ ಹೊಟ್ಟೆ ನೋಯದಿದ್ದರೂ ಒಳಗೆ ಹಾನಿ ಆಗಿರುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಗೋಧಿ ಮತ್ತು ಬಾರ್ಲಿಯನ್ನು ಜೀವನಪೂರ್ತಿ ಬಿಡುವುದೊಂದೇ ಚಿಕಿತ್ಸೆ.

ಕುವೆಂಪುನಗರದ ಅಕ್ಕನಿಗೆ ನನ್ನ ಅನುಭವದಿಂದ ಕೆಲವು ಮಾತು. ಒಬ್ಬಟ್ಟು, ಚಪಾತಿ, ಶ್ಯಾವಿಗೆ ಎಲ್ಲರ ಕಣ್ಣಿಗೂ ಕಾಣುತ್ತವೆ. ಕಾಣದಿರುವುದು ಇಂಗು. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುವುದು ಸಾಮಾನ್ಯ. ಡಬ್ಬಿಯ ಹಿಂದೆ ಚಿಕ್ಕ ಅಕ್ಷರಗಳಲ್ಲಿ ಬರೆದಿರುತ್ತಾರೆ. ಇದು ತಿಳಿಯದೆ ನಾವು ಆರು ತಿಂಗಳು ಮಗನಿಗೆ ದಿನಾ ತಿಳಿಸಾರಿನಲ್ಲಿ ಅದನ್ನೇ ಹಾಕಿ ಕೊಟ್ಟಿದ್ದೆವು. ಗ್ಲುಟೆನ್ ರಹಿತ ಎಂದು ಬರೆದ ಪೊಟ್ಟಣ ಸಿಗುತ್ತದೆ. ಹಾಗೆ ಬರೆಯಬೇಕಾದರೆ ಅದರಲ್ಲಿ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ. ಸಿಗದಿದ್ದರೆ ಆ ದಿನ ಇಂಗನ್ನೇ ಬಿಡಿ.

ಎರಡನೆಯದು ಹಿಟ್ಟಿನ ಗಿರಣಿ. ಅಕ್ಕಿಯಲ್ಲಿ, ರಾಗಿಯಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಗಿರಣಿಯಲ್ಲಿ ನಿಮಗಿಂತ ಮೊದಲು ಯಾರೋ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ, ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ಚೀಲಕ್ಕೆ ಬರುತ್ತದೆ. ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಆರಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಸಾರಿನ ಪುಡಿಯೂ ಅದೇ ಗಿರಣಿಯದಾದರೆ ಒಂದು ಹಿಡಿ ಬೇರೆಯಾಗಿ ಹುರಿದು ಮಾಡಿಕೊಳ್ಳಿ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯಬೇಡಿ.

ಸರಸ್ವತಿಪುರಂ ವಾಸಿ

ಇಷ್ಟು ಗಂಭೀರವೆಂದು ಗೊತ್ತಿರಲಿಲ್ಲ. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಮನೆಯ ಇಂಗಿನ ಡಬ್ಬಿಯನ್ನು ಈಗಷ್ಟೇ ನೋಡಿದೆ, ಗೋಧಿ ಹಿಟ್ಟು ಎಂದೇ ಇದೆ.

ಅಗ್ರಹಾರದ ಅಜ್ಜಿ

ಮಗು, ನಿನ್ನ ಮೈದುನನ ಅತ್ತೆಯ ವಿಷಯಕ್ಕೆ ಬರುತ್ತೇನೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಆಯಿತು ಎಂದುಕೊಂಡಿದ್ದೀಯೆ. ಅಷ್ಟಕ್ಕೇ ಮುಗಿಯುವುದಿಲ್ಲ. ಅವರು ಚಾತುರ್ಮಾಸ್ಯವೆಂಬ ನಾಲ್ಕು ತಿಂಗಳ ವ್ರತ ಹಿಡಿಯುವವರಾದರೆ ವಿಜಯದಶಮಿಯ ದಿನ ಕ್ಷೀರವ್ರತ ಇನ್ನೂ ಮುಗಿದಿರುವುದಿಲ್ಲ, ಹಾಲು ಸೇರುವುದಿಲ್ಲ. ಮೊಸರು, ತುಪ್ಪ ನಡೆಯುತ್ತದೆ. ಮುಂದಿನ ತಿಂಗಳು ದ್ವಿದಳ ವ್ರತ, ಬೇಳೆ ಕಾಳು ಬಿಡುತ್ತಾರೆ. ಅದು ಇನ್ನೂ ಶುರುವಾಗಿರುವುದಿಲ್ಲವಾದ್ದರಿಂದ ಬೇಳೆಗೆ ಅಡ್ಡಿಯಿಲ್ಲ. ತರಕಾರಿಯಲ್ಲೂ ನುಗ್ಗೆ, ಮೂಲಂಗಿ ಎಂದು ಮನೆಮನೆಗೆ ಒಂದೊಂದು ಪದ್ಧತಿ. ಕೇಳಿಕೊಂಡೇ ದೇವರಾಜ ಮಾರುಕಟ್ಟೆಗೆ ಹೋಗು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮರುದಿನ ಏಕಾದಶಿ. ಕಟ್ಟುನಿಟ್ಟಾಗಿ ಏಕಾದಶಿ ಮಾಡುವವರು ದಶಮಿಯ ದಿನ ಒಪ್ಪತ್ತು ಇರುತ್ತಾರೆ, ರಾತ್ರಿ ಉಣ್ಣುವುದಿಲ್ಲ. ನೀನು ಇಷ್ಟೆಲ್ಲ ಮಾಡಿ ರಾತ್ರಿ ಎಲೆ ಹಾಕಿ ಕರೆದರೆ ಅವರು ಸಂಕೋಚದಿಂದ ಒದ್ದಾಡಬೇಕಾಗುತ್ತದೆ. ಫೋನ್ ಮಾಡಿ ನೇರವಾಗಿ ಕೇಳಿಬಿಡು, ಅವರಿಗೂ ಸಂತೋಷವಾಗುತ್ತದೆ. ಪಾತ್ರೆಯ ಬಗ್ಗೆಯೂ ಕೇಳು. ಬಾಡು ಬೇಯಿಸಿದ ಪಾತ್ರೆಯಲ್ಲಿ ಅವರಿಗೆ ಅಡುಗೆ ಮಾಡಬೇಡ.

ಕುವೆಂಪುನಗರದ ಸೊಸೆ

ಅಜ್ಜಿ, ನಿಮಗೆ ನಮಸ್ಕಾರ. ಫೋನ್ ಮಾಡಿದೆ. ನೀವು ಹೇಳಿದ್ದೇ ನಿಜ, ಅವರದು ದಶಮಿ ಒಪ್ಪತ್ತು. ಹೇಗೆ ಹೇಳುವುದೆಂದು ಅವರೇ ಎರಡು ದಿನದಿಂದ ಯೋಚಿಸುತ್ತಿದ್ದರಂತೆ. ಬೆಳಿಗ್ಗೆಯೇ ಬಂದು ಮಧ್ಯಾಹ್ನ ನಮ್ಮಲ್ಲೇ ಊಟ ಮಾಡಿ, ರಾತ್ರಿ ಎಲ್ಲರಿಗೂ ತಾವೇ ಬಡಿಸುತ್ತಾರಂತೆ. ಹಬೆಯಲ್ಲಿ ಬೇಯಿಸುವ ಪಾತ್ರೆಯನ್ನು ತಮ್ಮ ಮನೆಯಿಂದ ತರುತ್ತಾರೆ. ನಾನು ಎರಡು ಹೊಸ ಸ್ಟೀಲ್ ಪಾತ್ರೆ, ನಾಲ್ಕು ಸೌಟು ಕೊಳ್ಳುತ್ತೇನೆ. ಗೋಧಿ ಮುಟ್ಟದ ಪಾತ್ರೆ ಮಗುವಿಗೂ ಬೇಕಿತ್ತು, ಬಾಡು ಮುಟ್ಟದ ಪಾತ್ರೆ ಅವರಿಗೂ ಬೇಕಿತ್ತು. ಒಂದೇ ಖರೀದಿಯಲ್ಲಿ ಎರಡೂ ಆಯಿತು.

ಈಗ ಸಿಹಿ ಯಾವುದು? ಒಬ್ಬಟ್ಟು ಬಿಟ್ಟರೆ ನಮ್ಮವರು ಹಬ್ಬವೆಂದು ಒಪ್ಪುವುದಿಲ್ಲ. ಮಾವನಿಗೆ ಬೆಲ್ಲದ್ದಾದರೆ ನಡೆಯುತ್ತದಲ್ಲವೇ?

ಪಾಂಡವಪುರದ ಆಲೆಮನೆಯವನು

ಬೆಲ್ಲ ಧಾರಾಳವಾಗಿ ಹಾಕಿ. ಸಕ್ಕರೆ ಬೇಡ, ಬೆಲ್ಲ ಮೈಗೆ ಒಳ್ಳೆಯದು. ಕೊಳ್ಳುವಾಗ ಹಳದಿಯಾಗಿ ಹೊಳೆಯುವ ಅಚ್ಚಿಗೆ ಮರುಳಾಗಬೇಡಿ. ಆ ಬಣ್ಣ ಬರಲೆಂದೇ ಕೆಲವರು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಕಂದು ಬಣ್ಣದ್ದನ್ನೇ ಕೇಳಿ ತೆಗೆದುಕೊಳ್ಳಿ.

ಪಥ್ಯದಡುಗೆಯವಳು

ಆಸ್ಪತ್ರೆಯೊಂದರಲ್ಲಿ ರೋಗಿಗಳ ಊಟದ ಪಟ್ಟಿ ಮಾಡುವುದು ನನ್ನ ಕೆಲಸ. ಆಲೆಮನೆಯ ಅಣ್ಣ ಬಣ್ಣದ ಬಗ್ಗೆ ಹೇಳಿದ್ದು ಸರಿ. ಆದರೆ ಸಕ್ಕರೆ ಕಾಯಿಲೆಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ, ರಕ್ತದಲ್ಲಿ ಅದೂ ಹಾಗೆಯೇ ಏರುತ್ತದೆ. ಬೆಲ್ಲವೆಂಬ ಧೈರ್ಯದಲ್ಲಿ ನಾಲ್ಕು ಒಬ್ಬಟ್ಟು ತಿಂದು ಮರುದಿನ ನಮ್ಮಲ್ಲಿಗೆ ಬರುವವರನ್ನು ಪ್ರತಿ ಯುಗಾದಿಗೂ ನೋಡುತ್ತೇನೆ. ರಾಗಿ ಮುದ್ದೆಯೂ ಹಾಗೆಯೇ. ಒಳ್ಳೆಯ ಆಹಾರ, ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಎಷ್ಟಾದರೂ ತಿನ್ನಬಹುದೆಂದಲ್ಲ. ನಿಮ್ಮ ಮಾವ ಸಿಹಿಯನ್ನು ಪೂರ್ತಿ ಬಿಡಬೇಕಿಲ್ಲ. ಮೊದಲು ಕೋಸಂಬರಿ, ಪಲ್ಯ ಹೊಟ್ಟೆಗೆ ಹೋಗಲಿ. ಒಂದು ಸಿಹಿ ತಿಂದರೆ ಅಷ್ಟು ಅನ್ನವನ್ನು ಕಡಿಮೆ ಮಾಡಲಿ.

ನನಗೆ ನಿಜವಾಗಿ ಆತಂಕವಾದದ್ದು ಊಟದ ಹೊತ್ತು. ಪಂಜಿನ ಕವಾಯತು ಮುಗಿದು, ಜನದಟ್ಟಣೆ ದಾಟಿ ಬನ್ನಿಮಂಟಪದಿಂದ ಕುವೆಂಪುನಗರ ಸೇರುವಷ್ಟರಲ್ಲಿ ಹತ್ತು ಮೀರುತ್ತದೆ. ಮಾವ ಎಂದಿನಂತೆ ಎಂಟಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಎಲ್ಲರೂ ಬರಲಿ ಎಂದು ಕಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಮಂಕು ಬರುತ್ತದೆ. ಎಲೆಯ ಮೇಲೆ ಊಟ ಬಂದ ಮೇಲೆಯೇ ಚುಚ್ಚಿಕೊಳ್ಳಬೇಕೋ, ಹೊತ್ತು ಬದಲಾದರೆ ಪ್ರಮಾಣ ಬದಲಿಸಬೇಕೋ ಎಂದು ಅವರ ವೈದ್ಯರನ್ನು ಈ ವಾರವೇ ಕೇಳಿ. ಸುಲಭದ ದಾರಿ, ಅವರು ಎಂದಿನ ಹೊತ್ತಿಗೇ ಉಣ್ಣುವುದು.

ಅತ್ತೆಯ ಉಪ್ಪಿನ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಿಕ್ಕ ಚಮಚ. ಒಂದು ಹಪ್ಪಳ, ಒಂದು ಹೋಳು ಉಪ್ಪಿನಕಾಯಿಯಲ್ಲೇ ಅದರ ಒಳ್ಳೆಯ ಪಾಲು ಮುಗಿಯುತ್ತದೆ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಅದು ಕೆಡುಕು.

ಪಾಂಡವಪುರದ ಆಲೆಮನೆಯವನು

ನಮ್ಮ ತಂದೆಗೂ ಸಕ್ಕರೆ ಕಾಯಿಲೆ ಇತ್ತು. ಬೆಲ್ಲದ ಕಾಫಿಯೆಂದು ದಿನಕ್ಕೆ ಐದು ಲೋಟ ಕೊಟ್ಟೆವು. ಹೇಳುವವರು ಇರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ ತಾಯಿ.

ಅಗ್ರಹಾರದ ಅಜ್ಜಿ

ಉಪ್ಪಿಗೆ ಎಲೆಯ ತುದಿ ಇದೆಯಲ್ಲ ಮಗು! ಎಡಗಡೆಯ ತುದಿಯಲ್ಲಿ ಮೊದಲು ಉಪ್ಪು ಬಡಿಸುವುದು ಏಕೆ? ಬೇಕಾದವರು ಬೇಕಾದಷ್ಟು ಕಲೆಸಿಕೊಳ್ಳಲಿ ಎಂದು. ಅಡುಗೆಗೆ ಅರ್ಧ ಉಪ್ಪು ಹಾಕು. ಹುಣಸೆ, ನಿಂಬೆ, ಕರಿಬೇವು ಸ್ವಲ್ಪ ಮುಂದಾಗಿರಲಿ, ಸಪ್ಪೆ ಅನ್ನಿಸುವುದಿಲ್ಲ.

ಸಿಹಿಗೆ ಹೂರಣದ ಕಡುಬು ಮಾಡು. ಒಬ್ಬಟ್ಟಿನ ಹೂರಣವೇ, ಮೇಲಿನದು ಅಕ್ಕಿ ಹಿಟ್ಟು. ಮೈದಾ ಇಲ್ಲ, ಹಾಲಿಲ್ಲ, ಎಣ್ಣೆಯಲ್ಲಿ ಕರಿಯುವುದೂ ಇಲ್ಲ. ಬೇಳೆ ಬಸಿದ ಕಟ್ಟಿನಲ್ಲಿ ಒಬ್ಬಟ್ಟಿನ ಸಾರು. ತುಪ್ಪ ತಿನ್ನುವವರಿಗೆ ತುಪ್ಪ, ಬಿಟ್ಟ ಹುಡುಗನಿಗೆ ಕಾಯಿಹಾಲು.

ಮಳವಳ್ಳಿ ಕಡೆಯವಳು

ನೋಡಿದಿರಾ, ಮತ್ತೆ ಬಸಿಯುವ ಅಡುಗೆಯೇ ಬಂತು. ಇದಕ್ಕೆ ಹಸಿ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಒಂದು ಬಟ್ಟಲಲ್ಲಿ ಇಡಿ. ನಮ್ಮ ಕಡೆಯವರು ಸಾರಿನ ಜೊತೆ ಕಚ್ಚಿಕೊಳ್ಳುತ್ತಾರೆ. ಪಾತ್ರೆಗೆ ಹಾಕಬೇಡಿ.

ಭಾವನ ಬಗ್ಗೆ ಯಾರೂ ಹೇಳಲಿಲ್ಲ. ಅವರ ಆಸೆಯೂ ಆಸೆಯೇ. ಆದರೆ ಈ ರಾತ್ರಿ ಬೇಡ. ಮರುದಿನ ಎಲ್ಲರೂ ಮಂಡ್ಯಕ್ಕೆ ಹೋಗುವವರಲ್ಲವೇ? ಅಲ್ಲಿ ಬನ್ನೂರು ಕುರಿಯ ಬಾಡೂಟ ಎಂದು ಈಗಲೇ ಅವರಿಗೆ ಮಾತು ಕೊಡಿ. ಸಿಗುತ್ತದೆ ಎಂದು ಗೊತ್ತಾದರೆ ಮನುಷ್ಯ ಒಂದು ರಾತ್ರಿ ಖುಷಿಯಾಗಿ ಕಾಯುತ್ತಾನೆ.

ಕುವೆಂಪುನಗರದ ಸೊಸೆ

ಹೀಗೆ ತೀರ್ಮಾನಿಸಿದೆ. ಆ ದಿನ ಮನೆಯಲ್ಲಿ ಗೋಧಿಯ ಡಬ್ಬಿ ತೆರೆಯುವುದಿಲ್ಲ. ಹೆಸರುಬೇಳೆ ಕೋಸಂಬರಿ, ಈರನಗೆರೆ ಬದನೆಕಾಯಿ ಎಣ್ಣೆಗಾಯಿ (ಮೈದುನನ ಅತ್ತೆಗೆ ಬದನೆ ನಡೆಯುತ್ತದೆ, ಕೇಳಿದೆ), ಬೀನ್ಸ್ ಪಲ್ಯ, ಚಿಕ್ಕ ಚಿಕ್ಕ ಮುದ್ದೆ, ಅನ್ನ, ಒಬ್ಬಟ್ಟಿನ ಸಾರು, ಹೂರಣದ ಕಡುಬು. ಮಜ್ಜಿಗೆ ಕೊನೆಗೆ ಬೇಕಾದವರಿಗೆ. ರಸಬಾಳೆ, ಚಿಗುರು ವೀಳ್ಯದೆಲೆ.

ಎರಡು ಪಂಕ್ತಿ. ಎಂಟು ಗಂಟೆಗೆ ಮಾವ, ಅತ್ತೆ, ಮಕ್ಕಳು, ನಾದಿನಿ, ನಾನು. ಕವಾಯತಿಗೆ ಹೋದವರಿಗೆ ಎರಡನೆಯ ಪಂಕ್ತಿ. ಮೊದಲು ನನಗೆ ಸಂಕಟವಾಗಿತ್ತು, ಮಾವನನ್ನು ಮತ್ತೆ ಬೇರೆ ಕೂರಿಸಿದಂತಾಗುತ್ತದಲ್ಲ ಎಂದು. ಆದರೆ ಜೊತೆಗೆ ಆರು ಜನ ಕೂತರೆ ಅದು ಬೇರೆಯಲ್ಲ, ಪಂಕ್ತಿಯೇ. ಸೌಟುಗಳು ಇನ್ನೂ ಯಾವ ಎಲೆಯನ್ನೂ ಮುಟ್ಟಿರದ ಹೊತ್ತಿನಲ್ಲಿ ಮಗುವಿಗೆ ಬಡಿಸಿದಂತೆಯೂ ಆಗುತ್ತದೆ.

ಕುವೆಂಪುನಗರದ ಸೊಸೆ

ಹಬ್ಬ ಮುಗಿಯಿತು. ಎಲ್ಲರೂ ಮಂಡ್ಯಕ್ಕೆ ಹೊರಟ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಎಲ್ಲವೂ ಸರಿಯಾಗಲಿಲ್ಲ. ಮೊದಲ ಒಬ್ಬೆಯಲ್ಲಿ ಆರು ಕಡುಬು ಬಿರಿದು ಹೂರಣ ಹೊರಬಂತು, ಹಿಟ್ಟು ಆರಿಹೋಗಿತ್ತು. ಮೈದುನನ ಅತ್ತೆ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಸಿ, ಮುಂದಿನವನ್ನೆಲ್ಲ ತಾವೇ ತಟ್ಟಿದರು. ಎಣ್ಣೆಗಾಯಿಗೆ ಉಪ್ಪು ತೀರಾ ಕಡಿಮೆ ಎಂದು ನಮ್ಮವರು ಮುಖ ಮಾಡಿದರು, ಎಲೆಯ ತುದಿಯ ಉಪ್ಪು ಕಲೆಸಿಕೊಂಡ ಮೇಲೆ ಸುಮ್ಮನಾದರು. ಬೀನ್ಸ್ ಪಲ್ಯ ಅರ್ಧ ಉಳಿಯಿತು.

ಮಾವ ಎಂಟಕ್ಕೆ ಕುಳಿತರು. ವೈದ್ಯರು ಹೇಳಿದಂತೆ ಎಲೆಗೆ ಬಡಿಸಿದ ಮೇಲೆಯೇ ಇನ್ಸುಲಿನ್. ಕೋಸಂಬರಿ ಎರಡು ಸಲ ಹಾಕಿಸಿಕೊಂಡರು, ಒಂದು ಚಿಕ್ಕ ಮುದ್ದೆ, ಅನ್ನ ಬೇಡವೆಂದರು, ಒಂದು ಕಡುಬನ್ನು ನಾಲ್ಕು ಭಾಗ ಮಾಡಿ ನಿಧಾನವಾಗಿ ತಿಂದರು. ಹತ್ತೂವರೆಗೆ ಎರಡನೆಯ ಪಂಕ್ತಿ ಕುಳಿತಾಗ ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತು, 'ಅವನಿಗೆ ಸಾರು ಬಿಡಿ, ಇವನಿಗೆ ಕಡುಬು ಹಾಕಿ' ಎಂದು ಎಲ್ಲರನ್ನೂ ವಿಚಾರಿಸಿಕೊಂಡರು. ಭಾವನ ಮಗ ಕಾಯಿಹಾಲಿನಲ್ಲಿ ಐದು ಕಡುಬು ತಿಂದ. ಭಾವ ತಾವೂ ಕಾಯಿಹಾಲನ್ನೇ ಕೇಳಿ ಹಾಕಿಸಿಕೊಂಡರು.

ನಾದಿನಿಯ ಮಗಳು ಬೆಳಿಗ್ಗೆಯೇ ಅಡುಗೆಮನೆಗೆ ಬಂದು ಇಂಗಿನ ಪೊಟ್ಟಣವನ್ನು ತಿರುಗಿಸಿ ಓದಿದಳು. 'ಅತ್ತೆ, ಇದು ಸರಿಯಾಗಿದೆ' ಎಂದು ನನ್ನ ಕೈಗೆ ಕೊಟ್ಟಳು. ರಾತ್ರಿ ಕಡುಬು ಬಡಿಸಲು ಹೋದಾಗ ಅವಳ ಕೈ ಎಲೆಯ ಹತ್ತಿರ ಬಂತು, ನನ್ನ ಎದೆ ಧಸಕ್ಕೆಂದಿತು. ಎಲೆ ಜರುಗದಂತೆ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು ಅಷ್ಟೆ. ಮೂರು ಹಾಕಿಸಿಕೊಂಡಳು.

ವಿಜಯನಗರದ ಅಪ್ಪ

ಓದಿ ಕಣ್ಣು ತುಂಬಿತು ಅಕ್ಕ. ದೀಪಾವಳಿಗೆ ನಮ್ಮ ಮಗನಿಗೂ ಮಾಡಬೇಕು. ಕಡುಬಿನ ಅಳತೆ ಹೇಳುತ್ತೀರಾ? ಬಿರಿಯದಂತೆ ಹೇಗೆ?

ಕುವೆಂಪುನಗರದ ಸೊಸೆ

50 ಕಡುಬಿಗೆ 750 ಗ್ರಾಂ ಕಡಲೆಬೇಳೆ, 600 ಗ್ರಾಂ ಬೆಲ್ಲ, 600 ಗ್ರಾಂ ಅಕ್ಕಿ ಹಿಟ್ಟು. ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ. ಮುಟ್ಟಿದರೆ ತಂಪಾಗಿರಬೇಕು, ಕೈಗೆ ನೀರು ಹತ್ತಬಾರದು. ಆಗ ಪುಡಿ ಮಾಡಿ ಜರಡಿ ಹಿಡಿಯಿರಿ. ಬೇಳೆ ಬೆರಳಲ್ಲಿ ಹಿಸುಕಿದರೆ ಮಸೆಯಬೇಕು, ಕರಗಿ ಹೋಗಬಾರದು. ಬಸಿದು, ಬೆಲ್ಲ ಹಾಕಿ, ಸೌಟು ನೆಟ್ಟಗೆ ನಿಲ್ಲುವವರೆಗೆ ಮಗುಚಿ. ತೆಳ್ಳಗಿದ್ದರೆ ಕಡುಬು ಖಂಡಿತ ಬಿರಿಯುತ್ತದೆ.

ಹಿಟ್ಟಿನ ಅಳತೆಯಷ್ಟೇ ನೀರನ್ನು ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪಿನೊಂದಿಗೆ ಕುದಿಸಿ, ಹಿಟ್ಟು ಸುರಿದು, ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಇನ್ನೂ ಅರ್ಧ ಲೋಟ ಬಿಸಿನೀರು ಪಕ್ಕದಲ್ಲಿರಲಿ. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಾದಬೇಕು, ಉಂಡೆಯ ಅಂಚು ಒಡೆಯದಷ್ಟು. ಒದ್ದೆ ಬಟ್ಟೆಯನ್ನು ತೆಗೆಯಲೇಬೇಡಿ. ಹಬೆಯಲ್ಲಿ ಹನ್ನೆರಡು ನಿಮಿಷ. ಇಳಿಸಿದ ತಕ್ಷಣ ಕೀಳಬೇಡಿ, ಐದು ನಿಮಿಷ ಬಿಟ್ಟರೆ ತಾನೇ ಬಿಡುತ್ತದೆ.